ಬರ ಪರಿಹಾರದಲ್ಲಿ ನೆಲದ ಪಾಲು

ಪ್ರಕೃತಿ ವಿಕೋಪಕ್ಕೆ ಸಿಲುಕಿದ ರೈತರಿಗೆ ಸರ್ಕಾರ ನೀಡುವ ನೆರವಿನಲ್ಲಿ ಎರಡು ಬಗೆಗಳಿವೆ: ಕೈತಪ್ಪಿದ ಬೆಳೆಗೆ ಕೊಡುವ ಹಣ ಒಂದು, ಕೆಟ್ಟ ನೆಲವನ್ನು ಮರಳಿ ಸಾಗುವಳಿಗೆ ತರಲು ಕೊಡುವ ಹಣ ಇನ್ನೊಂದು. ಕರ್ನಾಟಕದಲ್ಲಿ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ನಡೆಯುತ್ತದೆ.

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ತೀವ್ರ ವಿಕೋಪದ ವೇಳೆ ಕೇಂದ್ರವು ರಾಜ್ಯಗಳಿಗೆ ಹೆಚ್ಚುವರಿ ನೆರವು ನೀಡುವ ರಾಷ್ಟ್ರೀಯ ವಿಪತ್ತು ಸ್ಪಂದನಾ ನಿಧಿಯಿಂದ ಕರ್ನಾಟಕ 18,171 ಕೋಟಿ ರೂಪಾಯಿ ಕೋರಿತು. ಹಣ ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಮೊತ್ತದ ಈ ಜಗ್ಗಾಟದಲ್ಲಿ, ಹಣ ಯಾವ ಕೆಲಸಕ್ಕೆ ಸಲ್ಲಬೇಕೆಂಬ ಪ್ರಶ್ನೆ ಹಿಂದೆ ಬಿತ್ತು.

2022-23ರಿಂದ 2025-26ರ ಅವಧಿಗೆ ಕೇಂದ್ರ ರೂಪಿಸಿದ ಮಾರ್ಗಸೂಚಿಯ ಪ್ರಕಾರ, ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾದ ಖುಷ್ಕಿ ಜಮೀನಿಗೆ, ಬೀಜ ಗೊಬ್ಬರದ ಖರ್ಚಿಗೆಂದು ನೀಡುವ ನೆರವು, ಅಂದರೆ ಇನ್‌ಪುಟ್ ಸಬ್ಸಿಡಿ, ಹೆಕ್ಟೇರಿಗೆ 8,500 ರೂಪಾಯಿ; ಎಕರೆಯ ಲೆಕ್ಕದಲ್ಲಿ ಅದು ಸುಮಾರು 3,400 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಯೊಳಗೆ. ನೆಲದ ದುರಸ್ತಿಗೂ ಅಲ್ಲಿ ಅವಕಾಶ ಇಲ್ಲದಿಲ್ಲ: ಹೊಲದಲ್ಲಿ 3 ಅಂಗುಲಕ್ಕಿಂತ ದಪ್ಪ ಮರಳು ಅಥವಾ ಹೂಳು ನಿಂತರೆ, ಅದನ್ನು ತೆಗೆಸಲು ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000 ರೂಪಾಯಿ ಸಿಗುತ್ತದೆ. ಆದರೆ ಇದು ನೆರೆಯ ಹಾನಿಗೆ ಹೊಂದುವ ನೆರವೇ ಹೊರತು, ಬರದಲ್ಲಿ ಒಡೆದ ಬದುವಿಗೆ, ಹೂಳು ತುಂಬಿದ ಕೃಷಿ ಹೊಂಡಕ್ಕೆ ಒದಗುವಂಥದಲ್ಲ.

ಇದಕ್ಕೆ ಭಿನ್ನವಾಗಿ, ಅಮೆರಿಕದಲ್ಲಿ 1978ರ ಕೃಷಿ ಸಾಲ ಕಾಯ್ದೆಯಡಿ ನಡೆಯುವ ತುರ್ತು ಸಂರಕ್ಷಣಾ ಕಾರ್ಯಕ್ರಮವು ಬೆಳೆ ನಷ್ಟವನ್ನು ಬೇರೆ ಯೋಜನೆಗಳಿಗೆ ಬಿಟ್ಟು, ಹಾಳಾದ ಜಮೀನನ್ನು ಸರಿಪಡಿಸುವ ಹಾಗೂ ತೀವ್ರ ಬರದಲ್ಲಿ ನೀರು ಉಳಿಸುವ ಕೆಲಸಗಳ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ 75ರವರೆಗೆ ಭರಿಸುತ್ತದೆ. ಅಲ್ಲಿನ ದೊಡ್ಡ ಹಿಡುವಳಿಗಳ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು; ಉಳಿದ ಕಾಲುಭಾಗ ಹೊಂದಿಸುವುದೂ ಇಲ್ಲಿನ ಸಣ್ಣ ರೈತನಿಗೆ ಕಷ್ಟ. ಆದರೂ ನೆಲದ ದುರಸ್ತಿಗೆ ಪ್ರತ್ಯೇಕ ತುರ್ತು ಹಣವಿರಬೇಕೆಂಬ ತತ್ತ್ವ ಇಲ್ಲಿಗೂ ಸಲ್ಲುತ್ತದೆ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಮಳೆಯಾಶ್ರಿತ ರೈತರಿಗೆ ಕೃಷಿ ಹೊಂಡ, ತಳಕ್ಕೆ ಪಾಲಿಥಿನ್ ಹೊದಿಕೆ, ಪಂಪ್‌ಸೆಟ್, ಹನಿ ನೀರಾವರಿಗಳಿಗೆ ಸಹಾಯಧನ ನೀಡಿತು. ಆದರೆ ಅದು ಬಜೆಟ್ಟಿನ ಕೃಪೆಯಲ್ಲಿರುವ ಸಾಮಾನ್ಯ ಯೋಜನೆ. ಬರ ಘೋಷಣೆಯೊಂದಿಗೆ ತಾನಾಗಿ ಜಾರಿಗೆ ಬರುವ ನೆರವಲ್ಲ. ಆದ್ದರಿಂದ ಪ್ರತಿ ಬರ ಪರಿಹಾರದಲ್ಲೂ ಬದು, ಹೊಂಡ, ಮೇಲ್ಮಣ್ಣಿನ ರಕ್ಷಣೆಗೆ ನಿಶ್ಚಿತ ಪಾಲು ಮೀಸಲಾಗಬೇಕು. ಅರ್ಧ ಹಣ ಮುಂಗಡವಾಗಿ, ಉಳಿದದ್ದು ರೈತ ಸಂಪರ್ಕ ಕೇಂದ್ರದ ಪರಿಶೀಲನೆಯ ಬಳಿಕ ಸಂದಾಯವಾಗಬೇಕು. ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಪರಿಹಾರ ಜಮೆಯಾಗುವುದರಿಂದ, ಮಾತಿನ ಮೇಲೆ ಗುತ್ತಿಗೆಗೆ ಉಳುವವರು ಬರಿಗೈಯಲ್ಲಿ ಉಳಿಯುತ್ತಾರೆ, ಅವರನ್ನೂ ಗುರುತಿಸಬೇಕು.

ಒಂದು ಹಂಗಾಮಿನ ಪರಿಹಾರ ಅದೇ ಹಂಗಾಮಿನ ಸಾಲಕ್ಕೆ ಕರಗುತ್ತದೆ, ಬಡವಾದ ಮಣ್ಣು ಮಾತ್ರ ಮುಂದಿನ ಬರಕ್ಕೂ ಹಾಗೆಯೇ ಉಳಿಯುತ್ತದೆ. 2026ರ ನಂತರದ ಮಾರ್ಗಸೂಚಿಯಲ್ಲಿ ನೆಲಕ್ಕೆ ಪ್ರತ್ಯೇಕ ಪಾಲು ಬೇಕೆಂದು ಕರ್ನಾಟಕ ಈಗಲೇ ಪಟ್ಟುಹಿಡಿಯುವುದು ನ್ಯಾಯವೂ ಹೌದು, ಜಾಣತನವೂ ಹೌದು.