ತಪ್ಪು ಸೆರಗಿಂದಲ್ಲ

ಹೋದ ವಾರ ಹುಲ್ಲು ಕಟ್ಟೂ ಮುಂದ ನನ್ನ ಸೀರಿ ಸೆರಗು ಮಷೀನಿಗೆ ಸಿಕ್ಕಿದ್ದು ನಿಮಗೆಲ್ಲಾ ಗೊತ್ತಾಗೇತಿ. ಫೋನ್ ಮಾಡಿದವರೆಲ್ಲಾ ಕೇಳಿದ್ದು ಒಂದ ಮಾತು: "ಸೆರಗು ಸೊಂಟಕ್ಕ ಸಿಗಿಸ್ಕೊಂಡಿದ್ದಿಲ್ಲೇನವಾ?" ಒಬ್ಬೊಬ್ಬರಿಗೆ ಉತ್ತರ ಹೇಳಿ ಸಾಕಾತು. ಇಲ್ಲೇ ಬರದು ಹಾಕ್ತೀನಿ, ಅಕ್ಕಾರ, ವೈನ್ಯಾರ, ಎಲ್ಲಾರೂ ಓದ್ರಿ.

ನಮ್ಮನಿಯವರಿಗೆ ಹಳೇ ಟ್ರ್ಯಾಕ್ಟರಿನ ನಾದ. ರಿಟೈರ್ ಆದಮ್ಯಾಲೆ ಗುಜರಿಗೆ ಹೊಂಟಿದ್ದ ಒಂದನ್ನ ತಂದು ಕೆಂಪು ಬಣ್ಣ ಹೊಡಸಿದ್ರು. ಅದರ ಹಿಂದ ಹುಲ್ಲಿನ ರೋಲ್ ಕಟ್ಟೂ ಬೇಲರ್ರೂ ಬಂತು, ಅದೂ ಸೆಕೆಂಡ್ ಹ್ಯಾಂಡ್. ನಮಗ ಇರೂದು ಎರಡೆಕರೆ ಭತ್ತ, ಮೂರು ದನ. ಕೊಂಡ ಹುಲ್ಲ ಅಗ್ಗ ಬೀಳತೈತಿ, ಲೆಕ್ಕ ನಾನೂ ಹಾಕೀನಿ. ಆದ್ರೂ ಬ್ಯಾಡ ಅಂದಾಕಿ ಅಲ್ಲ. ಕಟಾವ್ ಮಷೀನು ಬಿಟ್ಟುಹೋದ ಹುಲ್ಲಿಗೆ ಬೆಂಕಿ ಹಚ್ಚೂದಕ್ಕಿಂತ ಇದು ಎಷ್ಟೋ ಪಾಡ. ಹುಲ್ಲು ಒಣಗೇತೋ ಇಲ್ಲೋ ನೋಡಿ ಹೇಳೂದೂ ನಾನ. ಒಂದು ಹಿಡಿ ತಗೊಂಡು ತಿರುವಿದ್ರ ಲಟಕ್ ಅಂತ ಮುರೀಬೇಕು. ಹಸಿ ಇದ್ದಾಗ ಕಟ್ಟಿದ್ರ ಒಳಗ ಕಾವು ಏರಿ ಬೂಸ್ಟು ಹಿಡೀತೈತಿ, ಒಮ್ಮೊಮ್ಮೆ ಬಣವಿಗೆ ತಾನ ಬೆಂಕಿ ಹತ್ತೂದೂ ಐತಿ. ಶೋಕಿ ಅವರದು, ದುಡಿತ ಇಬ್ಬರದೂ.

ಈಗ ಸೆರಗಿನ ಮಾತು. ಟ್ರ್ಯಾಕ್ಟರಿನ ಹಿಂದಿನಿಂದ ಬೇಲರಿಗೆ ಒಂದು ಕಬ್ಬಿಣದ ಶಾಫ್ಟ್ ಹೋಗಿರತೈತಿ, ಪಿಟಿಓ ಶಾಫ್ಟ್ ಅಂತಾರ. ಅದು ನಿಮಿಷಕ್ಕ 540 ಸುತ್ತು ತಿರುಗತೈತಿ. ಭಾಗಾಕಾರ ಮಾಡಿ ನೋಡಿದೆ, ಸೆಕೆಂಡಿಗೆ 9. ಅಯ್ಯೋ ಅನ್ನೂದ್ರೊಳಗ ಎರಡು ಮೊಳ ಸೀರಿ ಸುತ್ತಿಕೊಂಡಿರತೈತಿ.

ನಾನು ಬುತ್ತಿ ಕೊಡಾಕ ಹೋಗಿದ್ದೆ. ಬ್ಯಾಟರಿ ವೀಕು, ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ ಅಂತ ಗಾಡಿ ಹಂಗ ಬಿಟ್ಟಿದ್ರು. ಶಾಫ್ಟಿನ ಲಿವರ್ರೂ ಬಿಡಿಸಿದ್ದಿಲ್ಲ. ಉಟ್ಟಿದ್ದು ಹಳೇ ಹತ್ತಿ ಸೀರಿ, ಜೀರ್ಣ ಆಗಿತ್ತು, ಪರ್ ಅಂತ ಹರೀತು. ಪಾಲಿಸ್ಟರ್ ಆಗಿದ್ರ ಹರೀತಿದ್ದಿಲ್ಲ, ನನ್ನನ್ನ ಎಳಕೊಂಡು ಹೋಗತಿತ್ತು. ಆಮ್ಯಾಲೆ ರಾತ್ರಿ ಎಷ್ಟೊತ್ತಾದ್ರೂ ಕೈ ನಡಗೂದು ನಿಲ್ಲಲಿಲ್ಲ.

ಆ ಶಾಫ್ಟಿಗೆ ಪ್ಲಾಸ್ಟಿಕ್ಕಿನ ಕವರ್ ಇರತೈತಿ. ಒಳಗ ಶಾಫ್ಟ್ ತಿರುಗಿದ್ರೂ ಮ್ಯಾಲಿನ ಕವರ್ ತಿರುಗಬಾರದಂತ ಸಣ್ಣ ಸರಪಳಿ ಹಾಕಿರತಾರ. ನಮ್ಮದಕ್ಕ ಇಲ್ಲ, ಹಿಂದಿನ ಮಾಲಕರ ಕಾಲಕ್ಕ ಹೋಗೇತಿ. ಎರಡು ಸಲ ಕೇಳಿದ್ದೆ. "ಗ್ರೀಸ್ ಹಚ್ಚಾಕ ಅಡ್ಡ ಆಗತೈತಿ" ಅಂದ್ರು. ಬಣ್ಣಕ್ಕ ರೊಕ್ಕ ಇತ್ತು, ಹಾರನ್ನಿಗೆ ಇತ್ತು, ಹಳೇ ನಮೂನಿ ಹೆಡ್‌ಲೈಟ್ ಬೇಕಂತ ಹುಬ್ಬಳ್ಳಿತನಕ ಹೋಗಿ ಬಂದ್ರು. ಕವರಿಗೆ ಮಾತ್ರ ಗ್ರೀಸಿನ ನೆವ!

ಸೆರಗು ಬಿಗಿ ಕಟ್ಟಬೇಕು, ಹೆರಳು ಮ್ಯಾಲ ಕಟ್ಟಬೇಕು, ಒಪ್ಪತೀನಿ. ಆದ್ರ ಅವರ ಹೆಗಲ ಮ್ಯಾಲಿನ ಟವೆಲ್ಲಿಗೆ ಯಾರರ ಏನರ ಅಂದ್ರೇನು? ಆಳಿನ ಲುಂಗಿಗೆ? ಆ ಶಾಫ್ಟು ಸೀರಿ ಯಾವುದು, ಲುಂಗಿ ಯಾವುದು ಅಂತ ನೋಡಿ ಹಿಡಿಯಂಗಿಲ್ಲ. ನಲವತ್ತು ವರ್ಷ ಏನೂ ಆಗಿಲ್ಲ ಅಂತ ಮೈದುನ ಹೇಳಿದ. ನನ್ನ ಹರಕ ಸೀರಿ ತಂದು ಅವನ ಮುಂದ ಇಟ್ಟೆ. ಚಾ ಕುಡದು ಎದ್ದು ಹೋದ.

ನಿಮ್ಮ ಮನ್ಯಾಗ ಬೇಲರ್ರೋ ರಾಶಿ ಮಷೀನೋ ಇದ್ರ, ಬಂದ್ ಇದ್ದಾಗ ಹೋಗಿ ಹಿಂದ ಬಗ್ಗಿ ನೋಡ್ರಿ. ಬರೇ ಕಬ್ಬಿಣ ಕಂಡ್ರ ಆ ಕಡೆ ಬುತ್ತಿ ಒಯ್ಯಬ್ಯಾಡ್ರಿ. ಮನೀಗೆ ಬಂದು ಉಣ್ಣಲಿ.

ನಾನಂತೂ ಕವರ್ ಬರೂತನಕ ಗದ್ದಿಗೆ ಕಾಲಿಡಂಗಿಲ್ಲ ಅಂದೀನಿ. ಅರ್ಧ ಹುಲ್ಲು ಇನ್ನೂ ಅಲ್ಲೇ ಬಿದ್ದೈತಿ. ನಿನ್ನಿ ಸಂಜಿಗೆ ನನ್ನ ಬ್ಲೌಸ್ ಅಳಿಯೂ ಟೇಪ್ ಕೇಳದ ಒಯ್ದು ಶಾಫ್ಟ್ ಅಳದು ಬಂದಾರ. ಟೇಪಿಗೆಲ್ಲಾ ಗ್ರೀಸು.