ಎತ್ತಿಗೆ ಜ್ವರ, ಎಮ್ಮೆಗೆ ಬರೆ ಮತ್ತು ಲ್ಯಾಪ್‌ಟಾಪಿನ ಮೋಡೆಮ್

ಡಯಲ್ ಅಪ್ ಕಾಲದ ನೆನಪುಗಳನ್ನು ಯಾರಾದರೂ ಬರೆಯೋಕೆ ಕೂತರೆ ಒಂದು ಮಾತು ಬಂದೇ ಬರುತ್ತೆ ನೋಡಿ. "ಲಿನಕ್ಸ್ ಏನೋ ಚೆನ್ನಾಗಿತ್ತು ಮಾರಾಯ್ರೇ, ಆದ್ರೆ ಅದ್ರಲ್ಲಿ ಲ್ಯಾಪ್‌ಟಾಪಿನ ಮೋಡೆಮ್ಮೇ ಓಡ್ತಿರ್ಲಿಲ್ಲ. ಅದಕ್ಕೇ ಬಿಟ್ಟೆ." ಮೊನ್ನೆಯೂ ಒಬ್ಬ ಗೆಳೆಯರು ಇದನ್ನೇ ಬರೆದಿದ್ದರು. ಓದಿ ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. ಅದಕ್ಕೇ ಈ ಬರಹ.

ಮೋಡೆಮ್ ಓಡುತ್ತಿರಲಿಲ್ಲ ಅನ್ನೋದು ನಿಜ. ಆ ತಪ್ಪನ್ನು ತಂದು ಲಿನಕ್ಸ್ ತಲೆಗೆ ಕಟ್ಟಿದರಲ್ಲ, ನನ್ನ ಜಗಳ ಅದರ ಬಗ್ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯ್ತು ಇದು. ಇಪ್ಪತ್ತು ವರ್ಷ ಆದರೂ ಆ ಬರೆ ಮಾಸಿಲ್ಲ.

ಮೊದಲು ಮೋಡೆಮ್ ಅಂದರೆ ಏನು ಅಂತ ನೋಡೋಣ. ಸೀರಿಯಲ್ ಪೋರ್ಟಿಗೆ ಸಿಕ್ಕಿಸೋ ಹಳೇ ಡಬ್ಬಿ ಮೋಡೆಮ್ ನೆನಪಿದೆಯಾ? ಕೆಂಪು ದೀಪಗಳು ಮಿಣುಕ್ ಮಿಣುಕ್ ಅಂತಿದ್ದವು. ಆ ಡಬ್ಬಿಯೊಳಗೆ ಮುಖ್ಯವಾಗಿ ಮೂರು ಭಾಗ. ಟೆಲಿಫೋನ್ ತಂತಿಗೆ ಅಂಟಿಕೊಂಡಿರೋ ಭಾಗ ಒಂದು. ಬಿಟ್ಟುಗಳನ್ನು ಕೀಂಯ್ ಕರ್‌ರ್ ಅನ್ನೋ ಸದ್ದಾಗಿ, ಸದ್ದನ್ನು ಮತ್ತೆ ಬಿಟ್ಟುಗಳಾಗಿ ಮಾಡೋ ಡಿಎಸ್‌ಪಿ ಚಿಪ್ ಇನ್ನೊಂದು. ಕಂಪ್ಯೂಟರ್ ಕೊಡೋ ಅಪ್ಪಣೆ ಕೇಳಿ, ಸಾಗಾಟದಲ್ಲಿ ಆಗೋ ತಪ್ಪುಗಳನ್ನು ತಿದ್ದೋ ಕಂಟ್ರೋಲರ್ ಮೂರನೆಯದು. ಕಂಪ್ಯೂಟರಿಗೂ ಈ ಡಬ್ಬಿಗೂ ಮಾತುಕತೆ ನಡೀತಿದ್ದದ್ದು ಎಟಿ ಕಮಾಂಡುಗಳಲ್ಲಿ. 1981ರಲ್ಲಿ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್ ಜೊತೆ ತಂದ ಭಾಷೆ ಅದು. ಕ್ರಮೇಣ ಎಲ್ಲರೂ ಅದನ್ನೇ ಅನುಸರಿಸಿದರು. ಹಾಗಾಗಿ ಡಬ್ಬಿ ಯಾವ ಕಂಪನಿಯದಾದರೂ ಲಿನಕ್ಸ್, ಡಾಸ್, ವಿಂಡೋಸ್ ಎಲ್ಲದರಲ್ಲೂ ಓಡುತ್ತಿತ್ತು. ಡ್ರೈವರ್ ಅನ್ನೋ ಪ್ರಶ್ನೆಯೇ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕಂಪನಿಗಳಿಗೆ ಒಂದು ಉಪಾಯ ಹೊಳೀತು. ಕಂಪ್ಯೂಟರಿನ ಪ್ರಾಸೆಸರ್ ಹೇಗೂ ಚುರುಕಾಗಿದೆ, ಡಿಎಸ್‌ಪಿ ಮತ್ತು ಕಂಟ್ರೋಲರ್ ಮಾಡೋ ಕೆಲಸವನ್ನು ಸಾಫ್ಟ್‌ವೇರಿನಿಂದ ಪ್ರಾಸೆಸರಿನಲ್ಲೇ ಮಾಡಿಸಿದರೆ? ಎರಡು ಚಿಪ್ಪಿನ ದುಡ್ಡು ಉಳೀತು. ಆ ಸಾಫ್ಟ್‌ವೇರನ್ನು ವಿಂಡೋಸಿಗೆ ಮಾತ್ರ ಬರೆದರು. ಇಂಥ ಮೋಡೆಮ್ಮಿಗೆ ಎಲ್ಲರೂ ಇಟ್ಟ ಹೆಸರು ವಿನ್‌ಮೋಡೆಮ್ (ಮೂಲದಲ್ಲಿ ಅದು ಯುಎಸ್ ರೊಬಾಟಿಕ್ಸ್ ಕಂಪನಿಯ ಟ್ರೇಡ್‌ಮಾರ್ಕು). ಲ್ಯಾಪ್‌ಟಾಪುಗಳಲ್ಲಂತೂ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಒಂದು ಚೂರು ಬೋರ್ಡು, ಪಕ್ಕದಲ್ಲಿ ಫೋನ್ ವೈರಿಗೆ ಒಂದು ತೂತು. ಅಷ್ಟೇ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಬೆಲೆ ಇಳಿಸಿದ್ದು ತಪ್ಪಲ್ಲ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಮೋಡೆಮ್ ಬಂದದ್ದು ಅನುಕೂಲವೇ. ತಪ್ಪು ಇರೋದು ಬೇರೆ ಕಡೆ. ಅರ್ಧ ಮೋಡೆಮ್ಮನ್ನು ಸಾಫ್ಟ್‌ವೇರ್ ಮಾಡಿದಿರಿ, ಸರಿ. ಉಳಿದ ಅರ್ಧದ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನಾದರೂ ಹೇಳಬೇಕಿತ್ತಲ್ಲ? ಅದನ್ನೂ ಹೇಳಲಿಲ್ಲ. ನಾವು ಕಾಸು ಕೊಟ್ಟು ಕೊಂಡ ವಸ್ತು ನಮ್ಮ ಮೇಜಿನ ಮೇಲೇ ಇದೆ, ಅದರ ಬೀಗದ ಕೈ ಮಾತ್ರ ಮಾರಿದವನ ಜೇಬಿನಲ್ಲಿ.

ಈಗ ಬಳಸುವವನ ಪಾಡು ಕೇಳಿ. ಮೋಡೆಮ್ ಯಾವುದು ಅಂತ ತಿಳಿಯೋದೇ ದೊಡ್ಡ ಸಾಹಸ. ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟರೆ ಬಹಳಷ್ಟು ಲ್ಯಾಪ್‌ಟಾಪುಗಳು 'ಎಸಿ 97 ಮೋಡೆಮ್ ಕಂಟ್ರೋಲರ್' ಅಂತಷ್ಟೇ ಹೇಳುತ್ತಿದ್ದವು. ಅದು ಬಾಗಿಲ ಹೆಸರು. ಒಳಗೆ ಕೂತಿರೋ ಚಿಪ್ಪು ಕೊನೆಕ್ಸಂಟ್‌ದೋ, ಅಗೇರ್‌ದೋ, ಸ್ಮಾರ್ಟ್ ಲಿಂಕ್‌ದೋ? ಡ್ರೈವರ್ ಆರಿಸೋದು ಅದರ ಮೇಲೆ. ಇದನ್ನು ಪತ್ತೆ ಮಾಡೋಕೆ ಲಿನ್‌ಮೋಡೆಮ್ಸ್ ಗುಂಪಿನವರು 'ಸ್ಕ್ಯಾನ್‌ಮೋಡೆಮ್' ಅಂತ ಒಂದು ಸ್ಕ್ರಿಪ್ಟನ್ನೇ ಬರೀಬೇಕಾಯ್ತು. ಯೋಚನೆ ಮಾಡಿ, ಪೆಟ್ಟಿಗೆ ಮೇಲೆ ಒಂದು ಸಾಲು ಅಚ್ಚು ಹಾಕಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಪುಕ್ಕಟೆ ದುಡಿಯೋ ಜನ ರಾತ್ರಿ ಹಗಲು ಪತ್ತೇದಾರಿ ಮಾಡಿದರು.

ಹೆಸರು ಗೊತ್ತಾಯ್ತು ಅಂದುಕೊಳ್ಳಿ. ಡ್ರೈವರ್ ಇರೋದು ಇಂಟರ್ನೆಟ್‌ನಲ್ಲಿ. ಇಂಟರ್ನೆಟ್ ಬರೋದು ಡ್ರೈವರ್ ಹಾಕಿದ ಮೇಲೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ! ನಾನೂ ಪೆನ್ ಡ್ರೈವ್ ಹಿಡಿದು ಸೈಬರ್ ಕೆಫೆಗೆ ಅಲೆದವನೇ. ತಂದ ಮೇಲೆ ಅದನ್ನು ಕಂಪೈಲ್ ಮಾಡೋಕೆ ಜಿಸಿಸಿ ಬೇಕು, ಕರ್ನೆಲ್ ಹೆಡರ್ ಬೇಕು, ಅವೂ ನಮ್ಮ ಕರ್ನೆಲ್ಲಿನ ಆವೃತ್ತಿಗೇ ಹೊಂದಬೇಕು. ಮತ್ತೆ ಕೆಫೆಗೆ ಓಟ. ಲ್ಯಾಪ್‌ಟಾಪ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, "ಸರ್, ನಾವು ಲಿನಕ್ಸ್ ಸಪೋರ್ಟ್ ಮಾಡೋದಿಲ್ಲ" ಅಂತ ಒಂದೇ ಪಲ್ಲವಿ. ಸಪೋರ್ಟ್ ಯಾರು ಕೇಳಿದ್ರು ಸ್ವಾಮೀ? ಚಿಪ್ಪಿನ ಹೆಸರು ಹೇಳಿ ಅಂದೆ. ಅದೂ ಗೊತ್ತಿಲ್ಲವಂತೆ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ಡ್ರೈವರ್ ಕೂತ ಮೇಲೂ ಒಂದು ತೊಂದರೆ ಇತ್ತು. ಡಬ್ಲ್ಯೂವಿಡಯಲ್ ಓಡಿಸಿದರೆ 'ನೋ ಡಯಲ್‌ಟೋನ್' ಅಂತ ಬರುತ್ತಿತ್ತು, ಫೋನ್ ಎತ್ತಿದರೆ ಗುಂಯ್ ಅಂತ ಟೋನ್ ಚೆನ್ನಾಗೇ ಕೇಳುತ್ತಿತ್ತು! ಕಾರಣ ಸರಳ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಜ್ ಸ್ವರಗಳ ಬೆರಕೆ, ನಮ್ಮ ದೇಶದ್ದು 400 ಹರ್ಟ್ಜಿನ ಸುತ್ತ ಇರೋದು. ಅಲ್ಲಿಯ ಲೆಕ್ಕಕ್ಕೆ ಹೊಂದಿಸಿದ ಮೋಡೆಮ್ಮಿಗೆ ನಮ್ಮ ಟೋನ್ ಗುರುತು ಸಿಗುತ್ತಿರಲಿಲ್ಲ. ಪರಿಹಾರ? 'ಎಟಿಎಕ್ಸ್3' ಅನ್ನೋ ಒಂದು ಕಮಾಂಡ್ ಸೇರಿಸಿದರೆ ಟೋನ್‌ಗೆ ಕಾಯದೆ ನೇರ ನಂಬರ್ ಒತ್ತುತ್ತೆ. ಮೋಡೆಮ್ ಹೌ-ಟು ಓದಿದವನಿಗೆ ಐದು ನಿಮಿಷದ ಕೆಲಸ. ಯಾಕೆ ಐದು ನಿಮಿಷ? ಎಟಿ ಕಮಾಂಡುಗಳು ಎಲ್ಲರಿಗೂ ಗೊತ್ತಿದ್ದ ಭಾಷೆ. ತಿಳಿವಳಿಕೆ ಬಯಲಲ್ಲಿದ್ದ ಕಡೆ ಐದು ನಿಮಿಷ, ಬಚ್ಚಿಟ್ಟ ಕಡೆ ಐದು ವಾರ. ನನ್ನ ವಾದವೆಲ್ಲ ಇಷ್ಟೇ.

"ಕಂಪನಿಗಳು ಡ್ರೈವರ್ ಕೊಟ್ಟವಲ್ಲ" ಅಂತೀರಾ? ಕೊಟ್ಟವು, ಹೇಗೆ ಕೊಟ್ಟವು ಅಂತ ನೋಡಿ. ಲುಸೆಂಟ್ ಮತ್ತು ಸ್ಮಾರ್ಟ್ ಲಿಂಕ್ ಡ್ರೈವರುಗಳ ತಿರುಳು ಮುಚ್ಚಿದ ಬೈನರಿ ಫೈಲು, ಸುತ್ತ ಮಾತ್ರ ತೆರೆದ ಸಿಪ್ಪೆ. ಕೊನೆಕ್ಸಂಟ್ ಚಿಪ್ಪುಗಳಿಗೆ ಲಿನಕ್ಸಂಟ್ ಅನ್ನೋ ಕಂಪನಿ ಡ್ರೈವರ್ ಮಾರುತ್ತಿತ್ತು. ಪುಕ್ಕಟೆ ಆವೃತ್ತಿಯಲ್ಲಿ ವೇಗ 14.4ಕೆಗೆ ಸೀಮಿತ, 56ಕೆ ಬೇಕಾದರೆ ದುಡ್ಡು ಬಿಚ್ಚಿ. 14.4ಕೆ ಅಂದರೆ ಐದು ಎಂಬಿ ಫೈಲಿಗೆ ಮುಕ್ಕಾಲು ಗಂಟೆ, ಅಷ್ಟು ಹೊತ್ತೂ ಫೋನ್ ಬಿಲ್ ಏರುತ್ತಿರುತ್ತೆ. 56ಕೆ ಮೋಡೆಮ್ ಅಂತಲೇ ಕೊಂಡ ಲ್ಯಾಪ್‌ಟಾಪಿಗೆ ಇನ್ನೊಂದು ಸಲ ಕಂದಾಯ!

ಇದೇ ಲಿನಕ್ಸಂಟ್‌ನದು ಇನ್ನೊಂದು ಕತೆ ಇದೆ. ಮುಚ್ಚಿದ ಮಾಡ್ಯೂಲ್ ಹಾಕಿದರೆ ಕರ್ನೆಲ್ 'ಇದರ ಒಳಗೇನಿದೆಯೋ ನನಗೆ ಗೊತ್ತಿಲ್ಲ' ಅನ್ನೋ ಅರ್ಥದ ಎಚ್ಚರಿಕೆ ಕೊಡುತ್ತೆ. 2004ರ ಏಪ್ರಿಲ್‌ನಲ್ಲಿ ಒಂದು ಚಮತ್ಕಾರ ಬಯಲಾಯ್ತು. ಅವರ ಮಾಡ್ಯೂಲಿನ ಲೈಸೆನ್ಸ್ ಸಾಲಿನಲ್ಲಿ 'ಜಿಪಿಎಲ್' ಅಂತ ಬರೆದು, ತಕ್ಷಣ ಒಂದು ಸೊನ್ನೆ ಬೈಟ್ ಇಟ್ಟು, ಅದರ ಆಚೆಗೆ 'ಜಿಪಿಎಲ್ ಡೈರೆಕ್ಟರಿಯ ಫೈಲುಗಳಿಗೆ ಮಾತ್ರ' ಅನ್ನೋ ಷರತ್ತು ಬರೆದಿದ್ದರು. ಸಿ ಭಾಷೆಯಲ್ಲಿ ಸೊನ್ನೆ ಬೈಟ್ ಬಂದರೆ ಸಾಲು ಮುಗೀತು ಅಂತ ಲೆಕ್ಕ. ಕರ್ನೆಲ್ 'ಜಿಪಿಎಲ್' ಅಂತಷ್ಟೇ ಓದಿ ಸುಮ್ಮನಾಗುತ್ತಿತ್ತು. ಪದೇ ಪದೇ ಬರೋ ಎಚ್ಚರಿಕೆ ನೋಡಿ ಬಳಕೆದಾರರು ಗಾಬರಿ ಆಗ್ತಾರೆ, ಅದಕ್ಕೇ ಹೀಗೆ ಮಾಡಿದೆವು ಅನ್ನೋದು ಅವರ ಸಮಜಾಯಿಷಿ. ಹೊಗೆ ಬಂದಾಗ ಕೂಗೋ ಗಂಟೆಯ ನಾಲಿಗೆ ಕಿತ್ತು, 'ಮನೆಯವರ ನಿದ್ದೆ ಕೆಡಬಾರದಲ್ಲ' ಅಂದ ಹಾಗೆ.

ಈಗ ಎದುರು ವಾದಕ್ಕೆ ಬರೋಣ. "ವಿ.34, ವಿ.90 ತಂತ್ರಗಳ ಮೇಲೆ ಪೇಟೆಂಟುಗಳಿದ್ದವು, ಕಂಪನಿ ಸೋರ್ಸ್ ಹೇಗೆ ಕೊಡುತ್ತೆ?" ನ್ಯಾಯವಾದ ಪ್ರಶ್ನೆ. ಸೋರ್ಸ್ ಕೊಡಬೇಡಿ, ಬೋರ್ಡಿನ ಜೊತೆ ಮಾತಾಡೋ ವಿಧಾನ ಕೊಡಿ ಅಂತಲೇ ಜನ ಕೇಳಿದ್ದು. ಮುಂದೆ ಕ್ಯೂಇಎಂಯು ಬರೆದ ಫ್ಯಾಬ್ರಿಸ್ ಬೆಲ್ಲಾರ್ 'ಲಿನ್‌ಮೋಡೆಮ್' ಅನ್ನೋ ಮುಕ್ತ ಸಾಫ್ಟ್‌ಮೋಡೆಮ್ ಶುರು ಮಾಡಿದ್ದರು. ಹಳೇ ನಿಧಾನದ ವಿಧಾನಗಳು ಓಡಿದವು, ವೇಗದವು ಅಪೂರ್ಣವಾಗೇ ಉಳಿದವು. ಕಷ್ಟದ ಕೆಲಸ, ಒಪ್ಪೋಣ. ಆದರೆ ಕಷ್ಟ ಬೇರೆ, ಬೀಗ ಬೇರೆ. ಐಬಿಎಂ ಥಿಂಕ್‌ಪ್ಯಾಡ್ 600ರಲ್ಲಿದ್ದ ಎಂವೇವ್ ಮೋಡೆಮ್ಮಿಗೆ ಆ ಕಂಪನಿಯೇ ಲಿನಕ್ಸ್ ಡ್ರೈವರ್ ಬರೆದು ಕೊಟ್ಟಿತು, ಅದು ಕರ್ನೆಲ್ಲಿಗೂ ಸೇರಿತು. ಡಿಎಸ್‌ಪಿಯ ಒಳಗಿನ ಕೋಡ್ ಮುಚ್ಚಿಯೇ ಇತ್ತು, ಬಾಗಿಲು ಮಾತ್ರ ತೆರೆದಿತ್ತು. ಮನಸ್ಸಿದ್ದರೆ ಇಷ್ಟಾದರೂ ಮಾಡಬಹುದಿತ್ತು ಅನ್ನೋದಕ್ಕೆ ಸಾಕ್ಷಿ ಬೇಕಾ?

ಎರಡನೇ ವಾದ ಇನ್ನೂ ಗಟ್ಟಿ. "ತಪ್ಪು ಯಾರದ್ದಾದರೆ ನನಗೇನು? ನನಗೆ ಮೇಲ್ ನೋಡಬೇಕಿತ್ತು, ವಿಂಡೋಸಿನಲ್ಲಿ ಆಯ್ತು, ಲಿನಕ್ಸಿನಲ್ಲಿ ಆಗಲಿಲ್ಲ." ಆ ಸಂಜೆಯ ಮಟ್ಟಿಗೆ ಇದು ಸರಿ. ವಿಂಡೋಸ್ ಬಳಸಿದವರನ್ನು ನಾನು ಬೈಯೋದಿಲ್ಲ. ಆದರೆ ಅದೇ ಬೀಗ ವಿಂಡೋಸಿನವರನ್ನೂ ಬಿಡಲಿಲ್ಲ. 2007ರಲ್ಲಿ ವಿಸ್ಟಾ ಬಂದಾಗ ಎಕ್ಸ್‌ಪಿಯಲ್ಲಿ ಓಡುತ್ತಿದ್ದ ಎಷ್ಟೋ ಪ್ರಿಂಟರು, ಸ್ಕ್ಯಾನರುಗಳು ಮೂಲೆ ಸೇರಿದವು. 64 ಬಿಟ್ ವಿಂಡೋಸಿಗೆ ಬಂದರೆ 32 ಬಿಟ್ ಡ್ರೈವರ್ ಕೂರೋದೇ ಇಲ್ಲ. ಕಂಪನಿ ಹೊಸದು ಬರೆದರೆ ಉಂಟು, ಇಲ್ಲದಿದ್ದರೆ ಗುಜರಿ. ಯಂತ್ರ ಚೆನ್ನಾಗೇ ಇದೆ, ಸತ್ತದ್ದು ಡ್ರೈವರ್. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

"ಡಯಲ್ ಅಪ್ಪೇ ಹೋಯ್ತು, ಈಗ್ಯಾಕೆ ಈ ಪುರಾಣ?" ಹೋಯ್ತು, ಒಪ್ಪಿದೆ. ಅಮೆರಿಕದ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್ ಅಪ್ ನಿಲ್ಲಿಸಿತು. ಬೀಗ ಮಾತ್ರ ಹೋಗಿಲ್ಲ, ಮನೆ ಬದಲಿಸಿದೆ. ಮೋಡೆಮ್ ಆದ ಮೇಲೆ ವೈ-ಫೈ ಸರದಿ. ಬ್ರಾಡ್‌ಕಾಮ್ ಚಿಪ್ಪುಗಳ ಮರ್ಮವನ್ನು ಹೊರಗಿನವರೇ ಬಗೆದು ಬರೆದ ಡ್ರೈವರ್ 2006ರಲ್ಲಿ ಕರ್ನೆಲ್ಲಿಗೆ ಸೇರಿತು. ಆ ಕಂಪನಿ ತನ್ನ ಹೊಸ ಚಿಪ್ಪುಗಳಿಗೆ ತಾನೇ ಮುಕ್ತ ಡ್ರೈವರ್ ಕೊಟ್ಟದ್ದು 2010ರಲ್ಲಿ. ಎನ್‌ವಿಡಿಯಾ ತನ್ನ ಕರ್ನೆಲ್ ಮಾಡ್ಯೂಲುಗಳನ್ನು ತೆರೆದಿಡೋಕೆ 2022ರ ತನಕ ಕಾಯಿಸಿತು. ಇನ್ನು ನಿಮ್ಮ ಜೇಬಿನಲ್ಲಿರೋ ಆಂಡ್ರಾಯ್ಡ್ ಫೋನ್? ಒಳಗಿರೋದು ಲಿನಕ್ಸ್ ಕರ್ನೆಲ್ಲೇ. ಆದರೂ ಕೆಲವೇ ವರ್ಷಕ್ಕೆ ಅಪ್‌ಡೇಟ್ ನಿಲ್ಲುತ್ತೆ. ಚಿಪ್ಪಿನ ಮುಚ್ಚಿದ ಡ್ರೈವರುಗಳನ್ನು ಹೊಸದು ಮಾಡೋರಿಲ್ಲ ಅನ್ನೋದು ಅದಕ್ಕೊಂದು ದೊಡ್ಡ ಕಾರಣ. ವಿನ್‌ಮೋಡೆಮ್ ಸತ್ತಿಲ್ಲ, ಫೋನ್ ಆಗಿ ಮರುಹುಟ್ಟು ಪಡೆದಿದೆ :-)

ಅದೇ ಇನ್ನೊಂದು ಕಡೆ ನೋಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ಅದೆಷ್ಟೋ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳಿಗೆ ವಿಂಡೋಸ್ 11ರ ಷರತ್ತುಗಳು ಹೊಂದೋದಿಲ್ಲ. ಅಂಥವುಗಳಿಗೆ ಲಿನಕ್ಸ್ ಹಾಕಿದರೆ ವೈ-ಫೈ, ಆಡಿಯೋ, ಕ್ಯಾಮೆರಾ ಬಹುತೇಕ ತಾವಾಗೇ ಏಳುತ್ತವೆ. ಇದು ಪವಾಡವಲ್ಲ. ಆ ಚಿಪ್ಪುಗಳ ಡ್ರೈವರುಗಳು ಕರ್ನೆಲ್ಲಿನ ಒಳಗೇ, ಎಲ್ಲರ ಕಣ್ಣೆದುರಿಗೇ ಇವೆ. ಬರೆದವರು ಬಿಟ್ಟು ಹೋದರೂ ಇನ್ನೊಬ್ಬರು ಎತ್ತಿಕೊಳ್ಳಬಹುದು.

ಕನ್ನಡದಲ್ಲಿ ಬರೆಯೋ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಯೂನಿಕೋಡ್‌ಗೆ ಮುಂಚೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು, ಒಂದೊಂದು ಸಂಕೇತ. ಆ ಫಾಂಟಿಲ್ಲದೆ ತೆರೆದರೆ ಅಪ್ಪ ಬರೆದ ಪತ್ರವೂ ವಕ್ರವಕ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಆಗ ನಾವು "ಕನ್ನಡ ಕಂಪ್ಯೂಟರಿನಲ್ಲಿ ಓಡಲ್ಲ" ಅಂದೆವಾ? ಹಾಗಂದವರ ಜೊತೆ ಜಗಳ ಆಡಿದೆವು. ಸಂಕೇತ ಎಲ್ಲರದ್ದಾಗಬೇಕು ಅಂದೆವು. ಅದು ಎಲ್ಲರದ್ದಾದ ಮೇಲೇ ಅಲ್ಲವೇ, ನೀವು ಬರೆದದ್ದನ್ನು ನಾನು, ನಾನು ಬರೆದದ್ದನ್ನು ನೀವು ಯಾವ ಫಾಂಟಿನ ಹಂಗಿಲ್ಲದೆ ಓದುತ್ತಿರೋದು? ನಮ್ಮ ಅಕ್ಷರಕ್ಕೆ ಕೇಳಿದ ನ್ಯಾಯವನ್ನು ನಮ್ಮ ಯಂತ್ರಕ್ಕೂ ಕೇಳೋಣ.

ಕೇಳೋದು ಹೇಗೆ? ಕೊಳ್ಳೋ ಮುಂಚೆ ವೈ-ಫೈ ಚಿಪ್ ಯಾವುದು, ಅದರ ಡ್ರೈವರ್ ಕರ್ನೆಲ್ಲಿನಲ್ಲಿ ಇದೆಯಾ ಅಂತ ಹುಡುಕಿ ನೋಡಿ. ಅಂಗಡಿಯವನಿಗೂ ಕೇಳಿ, ಉತ್ತರ ಗೊತ್ತಿಲ್ಲದಿದ್ದರೂ ಪ್ರಶ್ನೆ ಅವನ ಕಿವಿಗೆ ಬೀಳಲಿ. ಬರೆಯೋವಾಗ ಕರ್ತೃ ಪದ ಸರಿಯಾಗಿ ಹಾಕಿ. "ಲಿನಕ್ಸಿನಲ್ಲಿ ಮೋಡೆಮ್ ಓಡಲಿಲ್ಲ" ಅನ್ನೋ ಬದಲು "ಮೋಡೆಮ್ ಮಾಡಿದವರು ಅದನ್ನು ಓಡಿಸೋದು ಹೇಗೆ ಅಂತ ಹೇಳಲಿಲ್ಲ" ಅಂತ ಬರೀರಿ. ವಾಕ್ಯ ನಾಲ್ಕು ಪದ ಉದ್ದ ಆಗುತ್ತೆ, ಆಗಲಿ ಬಿಡಿ.

ಏನಂತೀರಿ?