ದುಡಿಮೆ ಗಡಿಯಾಚೆ, ವೃತ್ತಿ ತೆರಿಗೆಯೂ ಅಲ್ಲಿಗೇ

ಅತನೂರ: ಅಫಜಲಪುರ ತಾಲ್ಲೂಕಿನ ಅತನೂರ ಭಾಗದವರಿಗೆ ಬೆಂಗಳೂರಿಗಿಂತ ಸೊಲ್ಲಾಪುರ, ಪುಣೆ, ಮುಂಬೈಗಳೇ ಹತ್ತಿರ. ದುಡಿಮೆ ಅರಸಿ ರಾಜ್ಯದ ಗಡಿ ದಾಟಿದವರು ತೆರಿಗೆಯನ್ನು ಯಾವ ಸರ್ಕಾರಕ್ಕೆ ಸಲ್ಲಿಸಬೇಕು?

ಆದಾಯ ತೆರಿಗೆಯ ಮಟ್ಟಿಗೆ ಗೊಂದಲಕ್ಕೆ ಕಾರಣವಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಂತೆ ಇಲ್ಲಿ ರಾಜ್ಯಗಳು ಸಂಬಳದ ಮೇಲೆ ಪ್ರತ್ಯೇಕ ಆದಾಯ ತೆರಿಗೆ ವಿಧಿಸುವುದಿಲ್ಲ. ಅದು ಕೇಂದ್ರದ ಅಧಿಕಾರ. ಎಲ್ಲಿ ದುಡಿದರೂ ಒಂದೇ ಪ್ಯಾನ್, ಒಂದೇ ರಿಟರ್ನ್. ಊರಿನಲ್ಲಿ ಹೊಲವಿದ್ದವರು ಮಾತ್ರ ಎಚ್ಚರ ವಹಿಸಬೇಕು. ಕೃಷಿ ಆದಾಯ ವರ್ಷಕ್ಕೆ 5,000 ರೂ. ಮೀರಿದರೆ ಸರಳವಾದ ‘ಸಹಜ್’ ನಮೂನೆ ಬಳಸುವಂತಿಲ್ಲ.

ಊರು ಬದಲಾದರೆ ಬದಲಾಗುವುದು ವೃತ್ತಿ ತೆರಿಗೆ. ಸಂವಿಧಾನದ 276ನೇ ವಿಧಿಯಡಿ ರಾಜ್ಯಗಳು ಪಡೆಯುವ ಈ ತೆರಿಗೆಗೆ ವರ್ಷಕ್ಕೆ 2,500 ರೂ. ಮಿತಿಯಿದೆ, 1988ರ ತಿದ್ದುಪಡಿಗೆ ಮುನ್ನ ಅದು 250 ರೂ. ಇತ್ತು. ಅದನ್ನು ಪಡೆಯುವುದು ದುಡಿಯುವ ಸ್ಥಳದ ರಾಜ್ಯವೇ ಹೊರತು ಹುಟ್ಟೂರಿನ ರಾಜ್ಯವಲ್ಲ. ಕರ್ನಾಟಕವು 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂ.ಗಿಂತ ಕಡಿಮೆ ಸಂಬಳದವರನ್ನೆಲ್ಲ ಇದರಿಂದ ಹೊರಗಿಟ್ಟಿತು. ಮಹಾರಾಷ್ಟ್ರ ಅದೇ ವರ್ಷ 25,000 ರೂ.ವರೆಗಿನ ವಿನಾಯಿತಿಯನ್ನು ಮಹಿಳೆಯರಿಗಷ್ಟೇ ನೀಡಿತು. ಅಲ್ಲಿ ಪುರುಷನ ಸಂಬಳ 10,000 ರೂ. ದಾಟಿದರೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300 ರೂ. ಕಡಿತವಾಗುತ್ತದೆ. ಪರಿಣಾಮವಾಗಿ, 15,000 ರೂ. ಸಂಬಳಕ್ಕೆ ಪುಣೆಯಲ್ಲಿ ದುಡಿಯುವ ಅತನೂರಿನ ಯುವಕ ವರ್ಷಕ್ಕೆ 2,500 ರೂ. ತೆರುತ್ತಾನೆ, ಅಷ್ಟೇ ಸಂಬಳಕ್ಕೆ ಬೆಂಗಳೂರಿನಲ್ಲಿರುವ ಅವನ ತಮ್ಮ ಬಿಡಿಗಾಸನ್ನೂ ತೆರುವುದಿಲ್ಲ. ಪುಣೆಯಲ್ಲಿ ತಿಂಗಳಿಗೆ ಲಕ್ಷ ರೂ. ಎಣಿಸುವ ಅಧಿಕಾರಿ ಕೊಡುವುದೂ ಅದೇ 2,500. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಆದಾಯಕ್ಕೆ ತೆರಿಗೆಯಿಲ್ಲ ಎಂಬ ಘೋಷಣೆಯಿಂದ ಈ ಯುವಕನಿಗೆ ಆದ ಲಾಭ ಶೂನ್ಯ. ಆದಾಯ ತೆರಿಗೆಯ ಮಿತಿಯನ್ನು ಅವನು ಎಂದೂ ಮುಟ್ಟಿರಲಿಲ್ಲ.

ಇನ್ನೊಂದು ವಿಪರ್ಯಾಸವೂ ಇದೆ. ಮಹಾರಾಷ್ಟ್ರ 1975ರಲ್ಲಿ ವೃತ್ತಿ ತೆರಿಗೆ ಜಾರಿಗೆ ತಂದದ್ದೇ ತನ್ನ ಗ್ರಾಮೀಣರಿಗೆ ಕೆಲಸ ಕೊಡುವ ಉದ್ಯೋಗ ಖಾತರಿ ಯೋಜನೆಗೆ ಹಣ ಹೊಂದಿಸಲು. ಸ್ವಂತ ಊರಿನಲ್ಲಿ ಕೆಲಸ ಕಾಣದೆ ಹೊರಟ ಕರ್ನಾಟಕದ ಕಾರ್ಮಿಕನ ಸಂಬಳದಿಂದಲೂ ಆ ತೆರಿಗೆ ಕಡಿತವಾಯಿತು.

ಈ ಭಾರ ವಲಸಿಗನ ಮೇಲೆ ಮಾತ್ರ ಬಿದ್ದದ್ದಲ್ಲ, ನಿಜ. ಮಹಾರಾಷ್ಟ್ರದ ಪುರುಷ ಕಾರ್ಮಿಕನೂ ಅಷ್ಟೇ ತೆರುತ್ತಾನೆ. ಆದರೆ ಮಿತಿ ಏರಿಸಿ ಎಂದು ತನ್ನ ಶಾಸಕನನ್ನು ಕೇಳುವ ಅವಕಾಶ ಅವನಿಗಿದೆ. ಅಫಜಲಪುರದ ಮತದಾರರ ಪಟ್ಟಿಯಲ್ಲೇ ಹೆಸರು ಉಳಿಸಿಕೊಂಡವನ ಪರವಾಗಿ ಮುಂಬೈಯ ವಿಧಾನಸಭೆಯಲ್ಲಿ ಕೇಳುವವರಿಲ್ಲ.